ಹೆಬ್ಬೆಟ್ಟು

ಅವ್ವ ಹೆಬ್ಬೆಟ್ಟು.
ರೇಷನ್ನಿಗೆ, ಸಂಘದ ಸಾಲಕ್ಕೆ, ಅಪ್ಪನ ಸಾವಿನ ಕಾಗದಕ್ಕೆ
ನೀಲಿ ಮಸಿಯಲ್ಲಿ ಒಂದೇ ಬೆರಳು ಒತ್ತಿ ಬಾಳಿದವಳು.
ನಾನು ಏಳನೇ ಕ್ಲಾಸು. ಸಹಿ ಬರುತ್ತೆ.
ಹೆಬ್ಬೆಟ್ಟು ಮಾತ್ರ ಇಲ್ಲ.
ಹದಿನಾರು ವರ್ಷದಿಂದ ಮಂಡಕ್ಕಿ ಭಟ್ಟಿಯ ಕಾದ ಮರಳು
ಬೆರಳಿನ ಗೆರೆಗಳನ್ನು ಒಂದೊಂದಾಗಿ ಹುರಿದು ತಿಂದಿದೆ.
ಫೋನು ಮೂಸಿ ನೋಡಿ
ಇವಳು ಯಾರೋ ಬೇರೆ, ಅನ್ನುತ್ತೆ.

ಅದಕ್ಕೇ ನಾಲ್ಕು ಅಂಕಿಯ ಬೀಗ.
ನಿನ್ನೆ ರಾತ್ರಿ ಅದನ್ನೂ ಬದಲಿಸಿದೆ,
ಸಿಟ್ಟಿನಲ್ಲಿ, ಲೈಟು ಆರಿಸಿದ ಮೇಲೆ, ಗೋಡೆ ಕಡೆ ತಿರುಗಿ:
ಯಾರಿಗೂ ಸಿಗಬಾರದು ಅಂತ.
ಯಾರಿಗೂ ಅಂದರೆ ನನಗೂ ಅಂತ
ಅದು ತಿಳಿದುಕೊಂಡಿತು.

ಬೆಳಗಿನ ಐದೂವರೆ. ಬಾಷಾ ನಗರದ ಗಲ್ಲಿ ತುಂಬ ಹೊಟ್ಟಿನ ಹೊಗೆ.
ಬುಡೇನ್ ಸಾಬರ ಭಟ್ಟಿಯಲ್ಲಿ ಮೊದಲ ಬಾಣಲೆ ಏರಿದೆ.
ನಾನು ಅಕ್ಕಿ ಮೂಟೆಗೆ ಒರಗಿ
ನನ್ನದೇ ಮನೆಗೆ ಕನ್ನ ಹಾಕುತ್ತಿದ್ದೇನೆ.

ಹುಟ್ಟಿದ ದಿನ, ಜೂನ್ ಒಂದು,
ಹೆಡ್ ಮೇಷ್ಟ್ರು ಕೊಟ್ಟದ್ದು, ಅರ್ಧ ಕ್ಲಾಸಿಗೂ ಅದೇ. ಅಲ್ಲ.
ಚಿಗಟೇರಿ ಆಸ್ಪತ್ರೆಯಲ್ಲಿ ಮಗ ಹುಟ್ಟಿದ ದಿನ. ಅಲ್ಲ.
ಕರೆಂಟ್ ಮೀಟರಿನ ಕೊನೆಯ ನಾಲ್ಕು. ಅಲ್ಲ.
ನಾಲ್ಕು ಸಲ ಒಂದು. ಅಷ್ಟು ದಡ್ಡಿಯೇ ನಾನು?
ಅಷ್ಟೂ ಅಲ್ಲವಂತೆ.
ಮೂವತ್ತು ಸೆಕೆಂಡು ಕಾಯಿ ಅಂದಿತು.
ಆಮೇಲೆ ಒಂದು ನಿಮಿಷ. ಐದು. ಮೂವತ್ತು.
ತಪ್ಪಿದಷ್ಟೂ ಹಿಂದಕ್ಕೆ ಕೂರಿಸುತ್ತೆ,
ಮುನಿದ ಬೀಗರ ಮನೆಯ ಪಂಕ್ತಿಯ ಹಾಗೆ.

ಮಂಡಿಪೇಟೆಯ ಮೊಬೈಲ್ ಹುಡುಗ, ಮೀಸೆ ಇನ್ನೂ ಮೊಳೆಯದವನು:
‘ಮುನ್ನೂರು ಕೊಡಿ ಅಕ್ಕ, ಫಾರ್ಮ್ಯಾಟ್ ಹೊಡೀತೀನಿ.
ಒಳಗಿರೋದೆಲ್ಲ ಹೋಗುತ್ತೆ. ಪರವಾಗಿಲ್ವ?’
ನಾಳೆ ಬರ್ತೀನಪ್ಪ ಅಂದೆ.

ಒಳಗಿರೋದು ಗಾಜಿನ ಮೇಲೇ ಕಾಣುತ್ತಿತ್ತು.
ಹಾಲವ್ವ. ಧ್ವನಿ ಸಂದೇಶ. ಒಂದು ನಿಮಿಷ ಐವತ್ತೆರಡು ಸೆಕೆಂಡು.
ಹರಿಹರದ ನನ್ನ ಅಕ್ಕ
ಜಗಳವಾಡಿ ಫೋನಿಟ್ಟ ಮೇಲೆ ಕಳಿಸಿದ್ದು.
ಜಗಳ ಅವ್ವನ ಬೆಳ್ಳಿ ಕಡಗದ್ದು.
ಬೈಯಲಿಕ್ಕೆ ಎರಡು ನಿಮಿಷ ಸಾಲದು ಅವಳಿಗೆ,
ತಪ್ಪಾಯ್ತು ಅನ್ನಲಿಕ್ಕೆ ಅಷ್ಟೊಂದು ಬೇಡ.
ಮತ್ತೆ ಏನಿರಬಹುದು ಅದರಲ್ಲಿ?

ಭಟ್ಟಿಗೆ ವಾಪಸು ಬಂದೆ. ಇನ್ನೊಂದು ಸಲ ತಪ್ಪಿದೆ.
ಆಗ ಫೋನು ತಾನೇ ಅಲುಗಿತು.
ಬೀಗ ಬಿದ್ದ ಫೋನೂ ಕರೆ ತಗೊಳ್ಳುತ್ತೆ, ಗೊತ್ತಿತ್ತಾ ನಿಮಗೆ?
ನಾನಾಗಿ ಯಾರನ್ನೂ ಕರೆಯಲಾರೆ,
ಕರೆದವರಿಗೆ ಓ ಅನ್ನಬಹುದು.

‘ಉಚ್ಚೆಂಗಿ, ಕೇಳಿದೇನೇ ನಾ ಕಳಿಸಿದ್ದು?’
‘ಇಲ್ಲಕ್ಕ. ಬೀಗ ಬಿದ್ದೈತೆ.’
‘ಖರೇ?’
‘ಅವ್ವನಾಣೆ.’
ಆ ಕಡೆ ಕುಕ್ಕರ್ ಕೂಗಿತು.
‘ಒಳ್ಳೇದಾತು ಬಿಡು.’
‘ಏನಂದಿದ್ದೆ ಅದರಾಗೆ?’
‘ಏನೇನೋ. ಈಗಲೇ ಅಳಿಸ್ತೀನಿ.’
ಆಮೇಲೆ, ಸಣ್ಣ ದನಿಯಲ್ಲಿ:
‘ಗಿರವಿ ಚೀಟಿ ಇಟ್ಟೀನಿ ಕಣೆ. ಆರು ಸಾವಿರದ ನಾನೂರ ಐವತ್ತು.
ಎಲ್ಲ ಅವಳ ಔಷಧಿಗೇ ಹೋತು. ಬಂದು ನೋಡು ಬೇಕಾದ್ರೆ.’

ಆರು. ನಾಲ್ಕು. ಐದು. ಸೊನ್ನೆ.
ಸವೆದ ಬೆರಳ ತುದಿ ಚುರ್ ಅಂತು.
ರಾತ್ರಿ ಅವಳ ಮೇಲೆ ಹೊರಿಸಿದ ಲೆಕ್ಕವನ್ನೇ
ಕೀಲಿ ಮಾಡಿಕೊಂಡು ಮಲಗಿದ್ದೆ ನಾನು.

ಇನ್ನೂ ಹನ್ನೊಂದು ನಿಮಿಷ ಅನ್ನುತ್ತಿದೆ ಗಾಜು.
ಹಾಲವ್ವನ ಹೆಸರು ಅದರ ಮೇಲಿಲ್ಲ ಈಗ.
ಬುಡೇನ್ ಸಾಬರು ಕೆಮ್ಮಿದರು. ಮರಳು ಕಾದಿದೆ.
ಅಕ್ಕಿ ಸುರಿದೆ, ಬಾಣಲೆ ತುಂಬ ಒಮ್ಮೆಲೇ ಬಿಳುಪು,
ಜರಡಿ ಅಲ್ಲಾಡಿಸಿದಂತೆ ಮರಳು ಕೆಳಗೆ, ಮಂಡಕ್ಕಿ ಮೇಲೆ.

ಅವಸರವೇನಿಲ್ಲ. ಸಂಜೆ ತೆರೆದರಾಯಿತು.
ತೆರೆದ ಕೂಡಲೇ ಬದಲಿಸಬೇಕು ಇದನ್ನ.
ಈ ಸಲ ಅಕ್ಕನನ್ನೇ ಕೇಳುತ್ತೇನೆ:
ಒಂದು ನಂಬರು ಹೇಳೇ,
ಇಬ್ಬರಿಗೂ ನೆನಪಿರೋ ಅಂಥದ್ದು.